ಭಟ್ಕಳದ ಶಿಲಾ ದೇವಾಲಯಗಳು

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ಪಟ್ಟಣದಲ್ಲಿರುವ, ಬಹುಪಾಲು 16ನೆಯ ಶತಮಾನಕ್ಕೆ ಸೇರಿದ ಹಿಂದೂ ದೇವಾಲಯಗಳು ಮತ್ತು ಜೈನ ಬಸದಿಗಳನ್ನು ಒಟ್ಟಾಗಿ ಭಟ್ಕಳದ ಶಿಲಾ ದೇವಾಲಯಗಳು ಎನ್ನಬಹುದು. ವಿಜಯನಗರ ಕಾಲದ ಶಿಲ್ಪಸಂಪ್ರದಾಯವು ಕರಾವಳಿಯ ಮರಗೆಲಸದ ಸಂಪ್ರದಾಯದೊಡನೆ ಬೆರೆತದ್ದಕ್ಕೆ ಇವು ಉತ್ತಮ ನಿದರ್ಶನಗಳು.

ಹಿನ್ನೆಲೆ

ತೆಂಗಿನಗುಂಡಿ ಮೊದಲಾದ ಬಂದರುಗಳಿರುವ ಈ ತೀರಪ್ರದೇಶವು ಮೆಣಸು, ಅಕ್ಕಿ ಮತ್ತು ಕುದುರೆಗಳ ವ್ಯಾಪಾರದಿಂದ ಸಮೃದ್ಧವಾಗಿತ್ತು. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವ ಅರಸರು ವಿಜಯನಗರದ ಸಾಮಂತರಾಗಿ ಇಲ್ಲಿ ಆಳಿದರು. ಅವರು ಜೈನಧರ್ಮದ ಪೋಷಕರು. ಹೀಗಾಗಿ ಒಂದೇ ಪಟ್ಟಣದಲ್ಲಿ ಬಸದಿಗಳೂ ವೈಷ್ಣವ, ಶೈವ ಗುಡಿಗಳೂ ಅಕ್ಕಪಕ್ಕದಲ್ಲಿ ಎದ್ದವು. 1542ರಲ್ಲಿ ಪೋರ್ಚುಗೀಸರು ಪಟ್ಟಣದ ಮೇಲೆ ದಾಳಿ ಮಾಡಿ ಅದನ್ನು ಸೂರೆಗೊಂಡರು.

ರಚನೆ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ಮಟ್ಟಸ ಮಾಳಿಗೆ ನಿಲ್ಲುವುದಿಲ್ಲ. ಮನೆಗಳಿಗೆ ಇಳಿಜಾರು ಸೂರು, ಗೋಡೆಗೆ ಮುಂದೆ ಚಾಚಿದ ಮಾಡು ಇಲ್ಲಿನ ರೂಢಿ. ಶಿಲ್ಪಿಗಳು ಅದೇ ರೂಪವನ್ನು ಕಲ್ಲಿನಲ್ಲಿ ಕಟ್ಟಿದರು. ಛಾವಣಿಗೆ ಇಳಿಜಾರಾಗಿ ದೊಡ್ಡ ಚಪ್ಪಡಿಗಳನ್ನು ಹಾಸಿ, ಅವುಗಳ ಸಂದುಗಳ ಮೇಲೆ ಮರದ ತೊಲೆಯನ್ನು ಹೋಲುವ ಕಲ್ಲಿನ ಪಟ್ಟಿಗಳನ್ನು ಇಟ್ಟರು. ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿಯೂ ಈ ಉಪಾಯವಿದೆ. ಆದರೆ ಅಲ್ಲಿಗಿಂತ ಇಲ್ಲಿ ಅದರ ಅಗತ್ಯ ಹೆಚ್ಚು. ಗೋಡೆಯ ಬದಲು ಕಂಬಗಳ ನಡುವೆ ಕಲ್ಲಿನ ಹಲಗೆಗಳನ್ನು ಕೂರಿಸಿ ಮಾಡಿದ ಮರೆಗಳು ಬಡಗಿಯ ಕೆಲಸವನ್ನೇ ನೆನಪಿಸುತ್ತವೆ. ಓರೆಯಾಗಿ ನಿಲ್ಲಿಸಿದ ಪಟ್ಟಿಗಳು ಗಾಳಿ ಬೆಳಕನ್ನು ಒಳಬಿಟ್ಟು ಎರಚಲನ್ನು ತಡೆಯುತ್ತವೆ.

ಇದು ಕೇವಲ ಅನುಕರಣೆಯಲ್ಲ. ಮರದಲ್ಲಿ ಕೂಡುಗೆಲಸವು ಹಗುರ. ಕಲ್ಲಿನಲ್ಲಿ ಅದಕ್ಕೆ ಲೆಕ್ಕಾಚಾರವೂ ಶ್ರಮವೂ ಬೇಕು. ಅಲಂಕಾರದಲ್ಲಿ ಮಾತ್ರ ಶಿಲ್ಪಿಗಳು ಸಾಮ್ರಾಜ್ಯದ ಕಡೆ ನೋಡಿದರು. ಖೇತಪೈ ನಾರಾಯಣ ದೇವಾಲಯದ ಹೊರಗೋಡೆಯಲ್ಲಿ ಕೆತ್ತಿದ ರಾಮಾಯಣದ ದೃಶ್ಯಗಳು ಹಂಪಿಯ ಹಜಾರ ರಾಮ ದೇವಾಲಯದ ಕಥಾಪಟ್ಟಿಗಳನ್ನು ನೆನಪಿಗೆ ತರುತ್ತವೆ. ಆದರೆ ಗಾತ್ರ ಚಿಕ್ಕದು. ರಾಜಪ್ರಾಂಗಣದ ಗಾಂಭೀರ್ಯಕ್ಕಿಂತ ಕಥೆ ಹೇಳುವ ಚುರುಕು ಇಲ್ಲಿ ಮುಂದಿದೆ.

ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯು ಪಟ್ಟಣದ ದೊಡ್ಡ ಬಸದಿ. ಎರಡು ಕಟ್ಟಡಗಳನ್ನು ನಡುವಿನ ಮಂಟಪವೊಂದು ಜೋಡಿಸುತ್ತದೆ, ಎದುರಿಗೆ ಮಾನಸ್ತಂಭವಿದೆ. ಅಲಂಕಾರ ಇಲ್ಲಿ ಮಿತ. ಹಿಂದೂ ಗುಡಿಗೂ ಜೈನ ಬಸದಿಗೂ ಒಂದೇ ಬಗೆಯ ಸೂರು ಇರುವುದು ಗಮನಾರ್ಹ: ಮಳೆ ಮತಭೇದ ನೋಡುವುದಿಲ್ಲ.

ಅಧ್ಯಯನ

ಮೂಡಬಿದಿರೆಯ ಬಸದಿಗಳ ಇಂಥ ಸೂರುಗಳನ್ನು ಕಂಡು ಜೇಮ್ಸ್ ಫರ್ಗುಸನ್ 19ನೆಯ ಶತಮಾನದಲ್ಲಿ ಅವನ್ನು ನೇಪಾಳದ ವಾಸ್ತುಶಿಲ್ಪಕ್ಕೆ ಹೋಲಿಸಿದನು. ಮಳೆಪ್ರದೇಶದ ಮರದ ಕಟ್ಟಡಗಳು ಎಲ್ಲೆಡೆ ಒಂದೇ ಬಗೆಯ ಪರಿಹಾರಕ್ಕೆ ಬರುವುದರಿಂದ ದೂರದ ಸಂಬಂಧವನ್ನು ಊಹಿಸಬೇಕಾಗಿಲ್ಲ. ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ, ಕನ್ನಡ ಜಿಲ್ಲೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಭಟ್ಕಳದ ಗುಡಿಗಳ ವಿವರಣೆಯಿದೆ.

ಸಾಮ್ರಾಜ್ಯದ ಅಂಚಿನಲ್ಲಿ ಕೇಂದ್ರದ ಶೈಲಿಯೂ ಊರಿನ ಶೈಲಿಯೂ ಬೆರೆಯುವುದು ಬೇರೆಡೆಯೂ ಕಾಣುತ್ತದೆ. ರೋಮನ್ ಬ್ರಿಟನ್ನಿನ ಸೌತ್ ಶೀಲ್ಡ್ಸ್‌ನಲ್ಲಿ ಸಿಕ್ಕ ರೆಜಿನಾಳ ಸಮಾಧಿಶಿಲೆಯಲ್ಲಿ ಲ್ಯಾಟಿನ್ ಬರಹದ ಕೆಳಗೆ ಅವಳ ಗಂಡ ಬರಾಟೆಸನ ನಾಡಾದ ಪಾಮೈರಾದ ಲಿಪಿಯಲ್ಲಿ ಒಂದು ಸಾಲಿದೆ. ಅಲ್ಲಿ ಬೆರಕೆ ಬರಹದಲ್ಲಿ ಕಂಡರೆ, ಭಟ್ಕಳದಲ್ಲಿ ಸೂರಿನಲ್ಲಿ ಕಾಣುತ್ತದೆ.