ತೊಟ್ಟಿಮನೆಗೂ ಗಗನಚುಂಬಿಗೂ ನಡುವೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತಂದೆತಾಯಿಯರು ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳು ಹೋಗಿಬರುವುದು ಈಗ ವಿಶೇಷವೇನಲ್ಲ. ವಿಮಾನ ಹತ್ತುವಾಗ ಅವರ ಕಣ್ಣಲ್ಲಿರುವುದು ನ್ಯೂಯಾರ್ಕಿನ ಗಗನಚುಂಬಿಗಳು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೋ ಅಜ್ಜನ ಊರೆಂದರೆ ಕೆಂಪು ಹೆಂಚಿನ ತೊಟ್ಟಿಮನೆ. ಎರಡೂ ಚಿತ್ರ ಸುಳ್ಳಲ್ಲ. ಆದರೆ ಬಹಳಷ್ಟು ಜನ ಬಾಳಿದ ಮನೆಗಳು ಎರಡರಲ್ಲೂ ಕಾಣುವುದಿಲ್ಲ.

ನಂಬಿಕೆ: ಹಿಂದೆ ಮಲೆನಾಡಿನವರೆಲ್ಲ ತೊಟ್ಟಿಮನೆಯಲ್ಲೇ ಇದ್ದರು.

ಸತ್ಯ: ತೊಟ್ಟಿಮನೆ ಉಳ್ಳವರ ಮನೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಇಂದು ‘ಕವಿಮನೆ’ ಎಂದು ಕರೆಸಿಕೊಳ್ಳುವ ಕುವೆಂಪು ಅವರ ಮನೆತನದ ಮನೆಯನ್ನೇ ನೋಡಿ. ಮೂರು ಅಂತಸ್ತು, ನಡುವೆ ತೊಟ್ಟಿ, ಸುತ್ತ ಜಗಲಿ, ಕೆತ್ತನೆಯ ಮರದ ಕಂಬಗಳು. ಅಂಥ ಮನೆಗೆ ಜಮೀನೂ ಬೇಕು, ಮರವೂ ಬೇಕು, ಆಳುಗಳೂ ಬೇಕು. ಆ ಆಳುಗಳು ಮಲಗುತ್ತಿದ್ದದ್ದು ಎಲ್ಲಿ? ಅದಕ್ಕೆ ಉತ್ತರ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೇ ಇದೆ: ಹುಲ್ಲು ಹೊದಿಸಿದ ಗುಡಿಸಲು, ಬಿಡಾರಗಳಲ್ಲಿ.

ಗೇಣಿದಾರರ ಸ್ಥಿತಿಯೂ ಭದ್ರವಾಗಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಅಳೆಯುವ ಕೊಳಗದ ತಕರಾರಿನಿಂದ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಮೇಲೆ ಉಳುವವರಿಗೆ ಹೊಲ ಸಿಕ್ಕಿತು. ಬೇರೆಯವರ ಜಮೀನಿನಲ್ಲಿ ವಾಸವಿದ್ದ ಕೃಷಿ ಕಾರ್ಮಿಕರ ಮನೆಗೂ ಕಾಯ್ದೆಯಲ್ಲಿ ರಕ್ಷಣೆ ದೊರೆಯಿತು.

ಇನ್ನು ಆ ಕೆಂಪು ಹೆಂಚು. ಅದೂ ಪುರಾತನವಲ್ಲ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮುಂಚೆ ಮಲೆನಾಡಿನ ಮಳೆಯನ್ನು ತಡೆದದ್ದು ಹುಲ್ಲು, ಅಡಿಕೆ ಸೋಗೆ ಮತ್ತು ಕುಂಬಾರರ ಕೈಹೆಂಚು.

ನಂಬಿಕೆ: ಒಂದೇ ಸೂರಿನಡಿ ಹಲವು ಸಂಸಾರ ಎಂಬುದು ಅಪಾರ್ಟ್‌ಮೆಂಟಿನಿಂದ ಬಂದ ಹೊಸ ಪದ್ಧತಿ.

ಸತ್ಯ: ಅಣ್ಣತಮ್ಮಂದಿರು ಹಿಸ್ಸೆಯಾದಾಗ ತೋಟ, ಗದ್ದೆಯ ಜೊತೆಗೆ ಮನೆಯೂ ಪಾಲಾಗುತ್ತಿತ್ತು. ನಡುವೆ ಒಂದು ಗೋಡೆ ಏಳುತ್ತಿತ್ತು, ಒಲೆ ಎರಡಾಗುತ್ತಿತ್ತು. ಅಂಗಳ, ಬಾವಿ ಮಾತ್ರ ಇಬ್ಬರಿಗೂ ಸೇರಿದ್ದು. ಮಾಡು ಒಂದೇ, ಮನೆ ಎರಡು. ಓದಿಗೋ ನೌಕರಿಗೋ ಘಟ್ಟದ ಮೇಲಿನಿಂದ ಬೆಂಗಳೂರು, ಮೈಸೂರಿಗೆ ಹೋದವರು ಬಾಡಿಗೆ ಹಿಡಿದದ್ದು ವಠಾರದಲ್ಲಿ. ಅಲ್ಲೂ ಸಾಲು ಮನೆಗಳ ನಡುವೆ ಒಂದೇ ಅಂಗಳ, ಒಂದೇ ನಲ್ಲಿ. ಹಾಗೆ ನೋಡಿದರೆ ವಠಾರವೇ ನಮ್ಮ ನಡುಗಾತ್ರದ ಅಪಾರ್ಟ್‌ಮೆಂಟು. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬಂದದ್ದು 1972ರಲ್ಲಿ. ಬದುಕಿನ ರೂಢಿ ಅದಕ್ಕಿಂತ ಬಹಳ ಹಳೆಯದು.

ನಂಬಿಕೆ: ಅಮೆರಿಕದ ಜನ ಗಗನಚುಂಬಿಗಳಲ್ಲಿ ಇರುತ್ತಾರೆ.

ಸತ್ಯ: ಆ ದೇಶದ ಮನೆಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಬಿಡಿ ಮನೆಗಳೇ. ಎರಡರಿಂದ ನಾಲ್ಕು ಮನೆಗಳಿರುವ ಕಟ್ಟಡಗಳ ಪಾಲು ಸುಮಾರು ಶೇಕಡಾ 8. ಐದರಿಂದ ಹತ್ತೊಂಬತ್ತು ಮನೆಗಳ ಕಟ್ಟಡಗಳದ್ದೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಇದು ಇಡೀ ದೇಶದ ಸರಾಸರಿ. ಊರಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ಬಾಸ್ಟನ್ನಿನ ಹಳೆಯ ಬಡಾವಣೆಗಳಲ್ಲಿ ಒಂದರ ಮೇಲೊಂದು ಮೂರು ಸಂಸಾರ ಇರುವ ಮರದ ಮನೆಗಳು ಬೀದಿಗಟ್ಟಲೆ ಸಿಗುತ್ತವೆ. ಶಿಕಾಗೋದಲ್ಲಿ ಇಟ್ಟಿಗೆಯ ಎರಡಂತಸ್ತಿನ ‘ಟೂ ಫ್ಲಾಟ್’ಗಳು, ಎಷ್ಟೋ ಕಡೆ ಮಾಲೀಕರು ಒಂದರಲ್ಲಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡುತ್ತಾರೆ. ಲಾಸ್ ಏಂಜಲೀಸಿನಲ್ಲಿ 1950–60ರ ದಶಕಗಳ ಪುಟ್ಟ ಅಪಾರ್ಟ್‌ಮೆಂಟುಗಳು ಕಂಬಗಳ ಮೇಲೆ ನಿಂತಿವೆ, ಅಡಿಯಲ್ಲಿ ಕಾರು. ಇತ್ತೀಚೆಗೆ ಅಲ್ಲಿ ಎದ್ದ ಐದಾರು ಅಂತಸ್ತಿನ ಎಷ್ಟೋ ಕಟ್ಟಡಗಳು ತಳದಲ್ಲಿ ಮಾತ್ರ ಕಾಂಕ್ರೀಟು, ಮೇಲೆಲ್ಲ ಮರ. ಕಾಡಿನ ನಡುವೆಯೇ ಇದ್ದೂ ಸಿಮೆಂಟಿನ ಮನೆಗೆ ಹೊರಳಿದ ಮಲೆನಾಡಿಗರಿಗೆ ಇದು ಅಚ್ಚರಿ ಹುಟ್ಟಿಸುವ ಸಂಗತಿ.

ನಂಬಿಕೆ: ಜನರಿಗೆ ಬೇಡವಾದ್ದರಿಂದ ಅಲ್ಲಿ ಸಣ್ಣ ಅಪಾರ್ಟ್‌ಮೆಂಟು ವಿರಳ.

ಸತ್ಯ: ಬೇಕೆಂದರೂ ಬಹಳ ಕಡೆ ಕಟ್ಟುವಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 1916ರಲ್ಲೇ ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ವಲಯ ಗುರುತಿಸಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೂಕ್ಲಿಡ್ ಪ್ರಕರಣದಲ್ಲಿ ಇಂಥ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಬಿಡಿ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿಗೆ ಹೋಲಿಸಿತ್ತು. ನಮ್ಮ ಕಡೆಯ ಮಾತಿನಲ್ಲಿ, ಮರಕ್ಕೆ ಹತ್ತಿದ ಬಂದಳಿಕೆ. ಹೀಗೆ ಕಾಣೆಯಾದ ಮನೆಗಳಿಗೆ ವಾಸ್ತುಶಿಲ್ಪಿ ಡೇನಿಯಲ್ ಪಾರೊಲೆಕ್ 2010ರಲ್ಲಿ ‘ಮಿಸ್ಸಿಂಗ್ ಮಿಡಲ್’ ಎಂದು ಹೆಸರಿಟ್ಟರು.

ಈಗ ಗಾಳಿ ತಿರುಗಿದೆ. ನಿವೇಶನಕ್ಕೆ ಮೂರು ಮನೆವರೆಗೆ ಅವಕಾಶ ಕೊಡುವ ಯೋಜನೆಯನ್ನು ಮಿನಿಯಾಪೊಲಿಸ್ ನಗರ 2018ರಲ್ಲಿ ಒಪ್ಪಿತು. ಒರೆಗಾನ್ ರಾಜ್ಯ 2019ರಲ್ಲಿ ಕಾನೂನನ್ನೇ ತಂದಿತು: 10,000 ಜನಸಂಖ್ಯೆ ಮೀರಿದ ಊರುಗಳಲ್ಲಿ ಜೋಡಿ ಮನೆಗೂ, 25,000 ಮೀರಿದಲ್ಲಿ ನಾಲ್ಕು ಮನೆಗಳ ಕಟ್ಟಡಕ್ಕೂ ಅಡ್ಡಿಯಿಲ್ಲ. ಆ ಅಳತೆ ಹಿಡಿದರೆ ತೀರ್ಥಹಳ್ಳಿ ಪಟ್ಟಣ ಮೊದಲನೆಯದರಲ್ಲಿ ಬರುತ್ತದೆ. 2011ರ ಜನಗಣತಿಯಲ್ಲಿ 54 ಸಾವಿರ ದಾಟಿದ್ದ ಸಾಗರ ಎರಡನೆಯದರಲ್ಲಿ.

ನಂಬಿಕೆ: ನಮ್ಮಲ್ಲಿ ಅಪಾರ್ಟ್‌ಮೆಂಟು ಅಂದಮೇಲೆ ರೇರಾ ನೋಂದಣಿ ಇದ್ದೇ ಇರುತ್ತದೆ.

ಸತ್ಯ: ಇಲ್ಲ. ರೇರಾ, ಅಂದರೆ 2016ರ ಕೇಂದ್ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. ಸಣ್ಣ ಪಟ್ಟಣದಲ್ಲಿ ಯಾರೋ ಆರು ಮನೆಗಳ ಕಟ್ಟಡ ಎಬ್ಬಿಸಿ ಒಂದೊಂದಾಗಿ ಮಾರಿದರೆ ಅದು ಈ ಬಲೆಯೊಳಗೆ ಬರುವುದಿಲ್ಲ. ಕೊಳ್ಳುವವರು ಮುಂಗಡ ಕೊಡುವ ಮುನ್ನ ಜಾಗದ ಖಾತೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಪರವಾನಗಿ, ಒಪ್ಪಿಗೆಯಾದ ನಕ್ಷೆ, ಋಣಭಾರ ಪ್ರಮಾಣಪತ್ರ ಇಷ್ಟನ್ನೂ ತಾವೇ ತೆಗೆಸಿ ನೋಡಬೇಕಾಗುತ್ತದೆ.