ನಿಮಗಿದು ಗೊತ್ತೇ? ಒಂದು ಚಾಕ್ಕೆ ಎಷ್ಟು ಹೊತ್ತಿನ ಬೆಂಚು?

'ಪರದೇಶಿ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಹೊರನಾಡಿನವನು. ಇನ್ನೊಂದು, ದಿಕ್ಕಿಲ್ಲದವನು. ಊರು ಬಿಟ್ಟವನಿಗೆ ಸೂರೂ ಇರದು ಎಂದು ಭಾಷೆಯೇ ಎಂದೋ ಲೆಕ್ಕ ಹಾಕಿಬಿಟ್ಟಿದೆ. ಸಪ್ತಭಾಷೆಗಳ ನೆಲ ಎನಿಸಿಕೊಂಡ ಕಾಸರಗೋಡಿನಲ್ಲಿ ಈಗ ಇನ್ನೊಂದು ಮಾತೂ ಓಡಾಡುತ್ತದೆ, ಮಲಯಾಳದ 'ಅತಿಥಿ ತೊಳಿಲಾಳಿ'. ಹೊರರಾಜ್ಯಗಳಿಂದ ದುಡಿಯಲು ಬಂದವರಿಗೆ ಕೇರಳ ಸರಕಾರ ಬಳಸುವ ಹೆಸರು. ಹೆಸರೇನೋ ಚೆಂದ. ಅತಿಥಿಗೆ ಚಾಪೆ ಹಾಸುವವರು ಯಾರು ಎಂಬುದು ಬೇರೆ ಮಾತು.

ಮನೆಯಿಲ್ಲದವರಿಗೆ ಬರ್ಗರ್ ಅಂಗಡಿಯ ಹೆಸರೇ ಅಂಟಿಕೊಂಡದ್ದು ಗೊತ್ತೇ? 2006ರಲ್ಲಿ ಜಪಾನಿನ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳು ಹಗಲೂ ರಾತ್ರಿ ತೆರೆದಿರತೊಡಗಿದವು. ಒಂದು ಕಾಫಿ ಕೊಂಡು, ಮೇಜಿಗೆ ತಲೆಯಾನಿಸಿ ಬೆಳಗು ಮಾಡುವವರು ಬಂದು ಸೇರಿದರು. ಅವರಿಗೆ ಬಿದ್ದ ಹೆಸರು 'ಮಕ್ಕು ನಾನ್‌ಮಿನ್'. ನಾನ್‌ಮಿನ್ ಎಂದರೆ ನಿರಾಶ್ರಿತ. ಇಂಟರ್‌ನೆಟ್ ಕೆಫೆಗಳಲ್ಲಿ ರಾತ್ರಿ ಕಳೆಯುವವರು ಸುಮಾರು 5,400 ಮಂದಿ ಎಂದು 2007ರಲ್ಲಿ ಅಲ್ಲಿನ ಸರಕಾರವೇ ಅಂದಾಜಿಸಿತ್ತು.

ಹಾಂಗ್‌ಕಾಂಗಿನ ಮ್ಯಾಕ್‌ಡೊನಾಲ್ಡ್ಸ್‌ಗಳಲ್ಲಿ ರಾತ್ರಿ ಕಳೆಯುವವರನ್ನು ಸ್ವಯಂಸೇವಕರು ರಾತ್ರಿ ಅಂಗಡಿ ಅಂಗಡಿ ಸುತ್ತಿ ಎಣಿಸಿದ್ದರು. 2013ರಲ್ಲಿ 57, 2018ರಲ್ಲಿ 334. ಬೆರಗಿನ ಸಂಗತಿ ಈ ಅಂಕಿಗಿಂತ ಆಚೆಗಿದೆ: ಮಾತಿಗೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಕೆಲಸವಿತ್ತು, ಬಾಡಿಗೆ ಗೂಡೂ ಇತ್ತು. ಗೂಡಿನಲ್ಲಿ ಸೆಕೆ, ಕರೆಂಟು ಬಿಲ್ಲಿನ ಭಯ. ಅಂಗಡಿಯಲ್ಲಿ ಪುಕ್ಕಟೆ ಏಸಿ, ಜೊತೆಗೆ ಒಂದಿಷ್ಟು ಮನುಷ್ಯರ ಸದ್ದು.

ಅದೇ ಊರಿನ ಪಿಂಗ್ ಶೆಕ್ ಬಡಾವಣೆಯ ಅಂಗಡಿಯಲ್ಲಿ 2015ರ ಅಕ್ಟೋಬರಿನಲ್ಲಿ ಒಬ್ಬ ಹೆಂಗಸು ಮೇಜಿನ ಮೇಲೆಯೇ ಪ್ರಾಣಬಿಟ್ಟರು. ಸುತ್ತ ಕೂತವರು ಗಂಟೆಗಟ್ಟಲೆ ತಿನ್ನುತ್ತಲೇ ಇದ್ದರು. ನಿದ್ದೆ ಅಂದುಕೊಂಡಿದ್ದರು.

ಕಾಸರಗೋಡಿನಲ್ಲಿ ಈ ನೋಟ ಹುಡುಕಿದರೆ ಸಿಗದು. ಇಲ್ಲಿ ಫಾಸ್ಟ್‌ಫುಡ್ ಎಂದರೆ ಶವರ್ಮ, ಅಲ್‌ಫಾಮ್, ಇಲ್ಲವೇ ರಾತ್ರಿ ರಸ್ತೆಬದಿಯ ತಟ್ಟುಕಡೆಯ ಆಮ್ಲೆಟ್ಟು. ತಟ್ಟುಕಡೆಗೆ ಗೋಡೆಯೇ ಇಲ್ಲ, ಒಳಗೆ ಮಲಗುವುದೆಲ್ಲಿ!

ಯಾವುದಕ್ಕೆ ಎಷ್ಟು ಹೊತ್ತು? 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದ ಶಾಲಾ ಬಾಲಕಿ ತೀರಿಕೊಂಡ ಬಳಿಕ ಕೇರಳ ಹೊಸ ನಿಯಮ ತಂದಿತು: ಪೊಟ್ಟಣದ ಮೇಲೆ ತಯಾರಿಸಿದ ಸಮಯ ಬರೆಯಬೇಕು, ಒಂದು ಗಂಟೆಯೊಳಗೆ ತಿನ್ನಬೇಕು. ರೈಲ್ವೇ ಪ್ಲಾಟ್‌ಫಾರಂ ಟಿಕೆಟಿಗೆ ಹತ್ತು ರೂಪಾಯಿ, ಆಯುಷ್ಯ ಎರಡು ಗಂಟೆ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಒಂದು ಕಾಫಿ ಹಿಡಿದು ದಿನವಿಡೀ ಕೂರುತ್ತಿದ್ದ ಕೊರಿಯನ್ ಮುದುಕರಿಗೆ ಮ್ಯಾಕ್‌ಡೊನಾಲ್ಡ್ಸ್ ಅಂಗಡಿ ಕೊಟ್ಟ ಗಡುವು ಇಪ್ಪತ್ತೇ ನಿಮಿಷ. 2014ರ ಆರಂಭದಲ್ಲಿ ಪೊಲೀಸರೂ ಬಂದರು, ದೊಡ್ಡ ಜಗಳವಾಗಿ ಕೊನೆಗೆ ಒಂದು ಗಂಟೆಗೆ ರಾಜಿಯಾಯಿತು.

ಕರ್ನಾಟಕದ ಸ್ವಂತ ಫಾಸ್ಟ್‌ಫುಡ್ ದರ್ಶಿನಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ತೆರೆದ ಕೆಫೆ ದರ್ಶಿನಿಯಿಂದ ಈ ಹೆಸರು ಹಬ್ಬಿತು. ಅಲ್ಲಿ ಕುರ್ಚಿಯೇ ಇಲ್ಲ. ಎದೆಮಟ್ಟದ ಕಟ್ಟೆಯ ಮೇಲೆ ತಟ್ಟೆ ಇಟ್ಟು, ನಿಂತು ತಿಂದು, ಕೈತೊಳೆದು ನಡೆಯಬೇಕು. ನಿರಾಶ್ರಿತರನ್ನು ದೂರ ಇಡಲೆಂದು ಮಾಡಿದ ಉಪಾಯವಲ್ಲ, ನಿಜ. ಆದರೆ ಯಾರೂ ಮಲಗದಂತೆ ಬೆಂಚಿಗೆ ಅಡ್ಡಕಂಬಿ ಹಾಕುವ ವಿದೇಶೀ ನಗರಗಳು ನಮ್ಮಿಂದ ಕಲಿಯಬಹುದಿತ್ತು!

ಹಾಗಾದರೆ ಕನ್ನಡದವರು ಹೋಟೆಲಿನಲ್ಲಿ ಮಲಗಿದ್ದೇ ಇಲ್ಲವೇ? ಧಾರಾಳ ಮಲಗಿದ್ದಾರೆ, ಆದರೆ ಗಿರಾಕಿಗಳಾಗಿ ಅಲ್ಲ. ಕುಂಬಳೆ ಸೀಮೆಯ ಹವ್ಯಕರ ಮನೆಮಾತಿನಲ್ಲಿ 'ಮಾಣಿ' ಅಂದರೆ ಹುಡುಗ, ಅಷ್ಟೇ. ಅದೇ ಪದ ಘಟ್ಟ ಹತ್ತಿ, ಮುಂಬಯಿಯ ಬಂಡಿ ಹಿಡಿದು, ಹೋಟೆಲಿನಲ್ಲಿ ಬಡಿಸುವವನ ಹೆಸರಾಯಿತು. ಹಳೆಯ ದಕ್ಷಿಣ ಕನ್ನಡದಿಂದ (ಅದರಲ್ಲಿ ಕಾಸರಗೋಡೂ ಸೇರಿತ್ತು) ಊಟಕ್ಕಿಲ್ಲದೆಯೋ, ಮೇಷ್ಟ್ರ ಬೆತ್ತಕ್ಕೆ ಹೆದರಿಯೋ ಓಡಿಹೋದ ಹುಡುಗರಿಗೆ ಮುಂಬಯಿಯಲ್ಲಿ ಸಿಕ್ಕ ಮೊದಲ ಸೂರು ಉಡುಪಿ ಹೋಟೆಲು. ಕೊನೆಯ ಗಿರಾಕಿ ಎದ್ದು, ಶಟರ್ ಬಿದ್ದು, ನೆಲ ತೊಳೆದಾದ ಮೇಲೆ ಎರಡು ಬೆಂಚು ಜೋಡಿಸಿದರೆ ಮಂಚ. ಮೇಜೂ ಆದೀತು. ಬೆಳಗ್ಗೆ ನಾಲ್ಕಕ್ಕೆ ಭಟ್ಟರು ಒಲೆ ಹೊತ್ತಿಸುವಾಗ ಮಂಚ ಮತ್ತೆ ಬೆಂಚು. ಇವರಿಗಾಗಿಯೇ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ನಡೆದವು. ಹಗಲು ಲೋಟ ತೊಳೆದ ಕೈ ರಾತ್ರಿ ಬಳಪ ಹಿಡಿಯಿತು. ಇಡೀ ರಾತ್ರಿ ಹೋಟೆಲಿನಲ್ಲಿ ಮಲಗುವ ಹಕ್ಕು ಯಾರಿಗಾದರೂ ಇದ್ದದ್ದಾದರೆ ಈ ಮಾಣಿಗಳಿಗೆ, ಅದೂ ಮರುದಿನದ ದುಡಿಮೆಯ ಮುಂಗಡವಾಗಿ.

ಇನ್ನೊಬ್ಬ ಪರದೇಶಿಯ ಕಥೆ ಕಾಞಂಗಾಡಿನದು. ಅಲ್ಲಿ 1884ರಲ್ಲಿ ಹುಟ್ಟಿದ ವಿಠಲ ರಾವ್ ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವ್ಯವಹಾರ ಮಾಡಿ ಸೋತವರು. 1922ರ ಡಿಸೆಂಬರ್ ಕೊನೆಗೆ ಸಂಸಾರ ಬಿಟ್ಟು ರೈಲು ಹತ್ತಿದರು. ಕೈಯಲ್ಲಿದ್ದದ್ದು ಇಪ್ಪತ್ತೈದು ರೂಪಾಯಿ. ಆಮೇಲಿನ ದಿನಗಳು ಗುಡಿಯ ಜಗಲಿ, ಛತ್ರ, ರೈಲು ನಿಲ್ದಾಣಗಳಲ್ಲಿ ಕಳೆದವು. ಟಿಕೆಟಿಲ್ಲದೆ ಸಾಧುಗಳ ಜೊತೆ ಹತ್ತುವುದು, ತಪಾಸಣೆಯವರು ಇಳಿಸುವುದು, ಮುಂದಿನ ಬಂಡಿ ಹತ್ತುವುದು. ಅವರೇ ಸ್ವಾಮಿ ರಾಮದಾಸ್. ಈ ಅಲೆದಾಟವನ್ನು ತಾನೇ ಪುಸ್ತಕವಾಗಿ ಬರೆದರು, ಇಳಿಸಿದವರ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಎದ್ದಿತು. ಬಂದವರಿಗೆ ಅಲ್ಲಿ ಇಂದಿಗೂ ಊಟ, ವಸತಿ. ಅವರು ಅದೇ ಪ್ಲಾಟ್‌ಫಾರಮ್ಮುಗಳಲ್ಲಿ ಕಾವಿಯಿಲ್ಲದೆ ಮಲಗಿದ್ದರೆ ಎಷ್ಟು ಮಂದಿ ಕೈಮುಗಿಯುತ್ತಿದ್ದರೋ?

ಬಸ್ಸು ತಪ್ಪಿದವನಿಗೆ ಕಾಸರಗೋಡಿನ ಹಳೆಯ ತಂಗುದಾಣ ಯಾವುದು ಹೇಳಿ. ಯಕ್ಷಗಾನದ ಬಯಲು! ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಆಟ ಬೆಳಗಿನ ತನಕ ನಡೆಯುತ್ತಿತ್ತು. ಮನೆಯಿದ್ದವರೂ ಇಲ್ಲದವರೂ ಒಂದೇ ಚಾಪೆ, ಒಂದೇ ಚಳಿ, ಒಂದೇ ಕಡಲೆ ಪೊಟ್ಟಣ. ಚೆಂಡೆಯ ನಡುವೆಯೇ ನಿದ್ದೆ ಹೋದವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ರಾಕ್ಷಸನ ಅಬ್ಬರ ಬಂದಾಗ ತಾನೇ ಏಳುತ್ತಿದ್ದ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಕೂಡದೆಂಬ ನಿಯಮ, ನಮ್ಮದೇ ಅವಸರ, ಎರಡೂ ಸೇರಿ ಹಲವು ಆಟಗಳು ಕಾಲಮಿತಿಗೆ ಇಳಿದವು. ಕಲಾವಿದರಿಗೆ ಒಳ್ಳೆಯದಾಯಿತು ಎನ್ನುವವರಿದ್ದಾರೆ, ಒಪ್ಪುತ್ತೇನೆ. ಚಾಪೆ ಮಾತ್ರ ಬೇಗ ಮಡಚಿತು.

ಕೂರುವುದಕ್ಕೂ ಕಾನೂನು ಬೇಕಾಯಿತು, ಗೊತ್ತೇ? ಕೇರಳದ ಬಟ್ಟೆ ಅಂಗಡಿಗಳ ಹೆಂಗಸರು ದಿನವಿಡೀ ನಿಂತೇ ಮಾರಬೇಕಿತ್ತು. ಕೋಯಿಕ್ಕೋಡಿನ ವಿಜಿ ಪೆಣ್‌ಕೂಟ್ಟು ಮತ್ತು ಸಂಗಾತಿಗಳು 'ಇರಿಕ್ಕಲ್ ಸಮರಂ', ಅಂದರೆ ಕೂರುವ ಹೋರಾಟ, ನಡೆಸಿದರು. 2018ರಲ್ಲಿ ಅಂಗಡಿಗಳ ಕಾಯಿದೆಗೆ ತಿದ್ದುಪಡಿಯಾಗಿ ಕೆಲಸದವರಿಗೆ ಆಸನ ಕಡ್ಡಾಯವಾಯಿತು. ನಿದ್ದೆ ಅದಕ್ಕಿಂತ ಮೊದಲೇ ಹಕ್ಕಾಗಿತ್ತು: ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರನ್ನು ಪೊಲೀಸರು ನಡುರಾತ್ರಿ ಚದುರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ, ನಿದ್ದೆಯೂ ಮನುಷ್ಯನ ಮೂಲಭೂತ ಹಕ್ಕು ಎಂದಿತು. ಎಲ್ಲಿ ಮಲಗಬೇಕೆಂದು ಮಾತ್ರ ಹೇಳಲಿಲ್ಲ.

ಅದಕ್ಕೂ ಒಂದು ಉತ್ತರವಿದೆ. 2010ರಲ್ಲಿ ಅದೇ ನ್ಯಾಯಾಲಯ, ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ತಂಗುಮನೆ ಇರಲಿ, ವರ್ಷವಿಡೀ ತೆರೆದಿರಲಿ ಎಂದು ರಾಜ್ಯಗಳಿಗೆ ಸೂಚಿಸಿತು. ಈಗ ನಮ್ಮ ಲೆಕ್ಕ ನೋಡಿ. ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 13 ಲಕ್ಷ ದಾಟಿತ್ತು. ನಗರಸಭೆಗಳು ಮೂರು: ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಆ ಗಣತಿಯಲ್ಲಿ ಮೂರರಲ್ಲಿ ಒಂದೂ ಲಕ್ಷ ಮುಟ್ಟಲಿಲ್ಲ.

ಈ ಲಕ್ಷಕ್ಕೊಂದರ ಸೂತ್ರಕ್ಕೆ ಕಾಯದವರೂ ಇದ್ದರು. ಬದಿಯಡ್ಕ ಬಳಿಯ ಕಿಳಿಂಗಾರಿನ ಕೃಷಿಕ, ನಾಟಿ ವೈದ್ಯ ಸಾಯಿರಾಂ ಭಟ್ಟರು ಕಾಶಿಯಾತ್ರೆಗೆಂದು ಕೂಡಿಟ್ಟ ದುಡ್ಡನ್ನು, ಮಳೆಗೆ ಗುಡಿಸಲು ಕಳೆದುಕೊಂಡ ನೆರೆಯವನಿಗೆ ಮನೆ ಕಟ್ಟಲು ಕೊಟ್ಟರು. ಕಾಶಿ ಅಲ್ಲೇ ಉಳಿಯಿತು. 2022ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕಟ್ಟಿಸಿಕೊಟ್ಟ ಮನೆಗಳು ಇನ್ನೂರೈವತ್ತು ಮೀರಿದ್ದವು. ಬೀಗದ ಕೈ ಪಡೆದವರ ಜಾತಿ ಮತ ಕೇಳಿದವರಲ್ಲ.

ಮಂಜೇಶ್ವರ ಕಡೆಯ ಪಾವೂರಿನ ಸ್ನೇಹಾಲಯದ್ದು ಇನ್ನೊಂದು ದಾರಿ. ಮಂಗಳೂರಿನಲ್ಲಿ ರಿಕ್ಷಾ ಓಡಿಸುತ್ತಿದ್ದ ಜೋಸೆಫ್ ಕ್ರಾಸ್ತಾ 2009ರಲ್ಲಿ ಶುರುಮಾಡಿದ್ದು. ಬೀದಿಯಲ್ಲಿ ಮನಸ್ಸಿನ ಹಿಡಿತ ತಪ್ಪಿ ಅಲೆಯುವವರನ್ನು ಕರೆತಂದು, ಮೀಸಿ, ಮದ್ದು ಕೊಟ್ಟು, ನೆನಪು ಮರಳಿದಾಗ ಊರು ಪತ್ತೆಹಚ್ಚಿ ಮನೆ ಮುಟ್ಟಿಸುವುದು ಅವರ ಕೆಲಸ. ಕರಾವಳಿಯ ರೈಲುಗಳು ಎಷ್ಟು ದೂರದವರನ್ನು ಇಲ್ಲಿ ಇಳಿಸಿ ಹೋಗುತ್ತವೆ ಎಂಬುದು ಅಲ್ಲಿನ ವಿಳಾಸಗಳಿಂದ ತಿಳಿಯುತ್ತದೆ.

2020ರ ಮಾರ್ಚ್ 25, ಕೋವಿಡ್ ಕಾಲ. ಹಾಂಗ್‌ಕಾಂಗಿನ ಮ್ಯಾಕ್‌ಡೊನಾಲ್ಡ್ಸ್ ಅಂದಿನಿಂದ ಎರಡು ವಾರ ಸಂಜೆ ಆರರಿಂದ ನಸುಕಿನ ನಾಲ್ಕರವರೆಗೆ ಒಳಗೆ ಕೂರುವುದನ್ನು ನಿಲ್ಲಿಸಿತು. ಅದೇ ದಿನ ಭಾರತಕ್ಕೆ ಲಾಕ್‌ಡೌನ್. ಎಲ್ಲರೂ ಮನೆಯಲ್ಲೇ ಇರಿ ಎಂಬ ಅಪ್ಪಣೆ. ಆ ದಿನಗಳಲ್ಲೇ ತಲಪಾಡಿ ಗಡಿಗೂ ತಡೆ ಬಿದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನವರು ಇತ್ತ ಉಳಿದರು.

ಕೇರಳ 64,006 ಕಡುಬಡ ಕುಟುಂಬಗಳನ್ನು ಗುರುತಿಸಿ, 2025ರ ನವೆಂಬರ್ 1ರಂದು ತಾನು ಕಡುಬಡತನ ಮುಕ್ತ ಎಂದು ಸಾರಿಕೊಂಡಿತು. ಚರ್ಚೆ ಇನ್ನೂ ನಿಂತಿಲ್ಲ. ಮನೆಯಿಲ್ಲದವರ ಲೆಕ್ಕಕ್ಕೆ ಬಂದರೆ, 2011ರ ಗಣತಿಯ ಪ್ರಕಾರ ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು, ಕೇರಳದಲ್ಲಿ 11,853. ಎಣಿಸಿದ್ದು ಒಂದೇ ರಾತ್ರಿ, ಫೆಬ್ರವರಿ 28ರಂದು. ಗಣತಿಯವರ ಪಟ್ಟಿಯಲ್ಲಿ ರಸ್ತೆಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಮೇಲ್ಸೇತುವೆಯ ಅಡಿ, ಮೆಟ್ಟಿಲ ಕೆಳಗೆ, ಗುಡಿಯ ಬಯಲು, ರೈಲ್ವೇ ಪ್ಲಾಟ್‌ಫಾರಂ ಎಲ್ಲ ಇವೆ. ಎಲ್ಲವೂ ಬಯಲು. ಒಂದು ಚಾ ಕೊಂಡು ಹೋಟೆಲಿನ ಒಳಗೆ, ಮೇಜಿಗೆ ತಲೆಯಿಟ್ಟು ಕೂತವನು ಆ ಪಟ್ಟಿಯಲ್ಲಿಲ್ಲ. ತಲೆಯ ಮೇಲೆ ಸೂರಿದೆಯಲ್ಲ.