ಒದರಿದ ಮೇಲೆ ಮಿರ್ಚಿ

ಅರಸೀಕೆರೆ ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ, ಮಿರ್ಚಿ ಮಾರುವ ಅಕ್ಕನ ಎರಡೂ ಕೈ ಮಣಿಕಟ್ಟಿನ ತನಕ ಕಡ್ಲೆಹಿಟ್ಟು. ಬಾಣಲೆಯ ಮೇಲಿನ ಕಣ್ಣು ಕೀಳುವ ಹಾಗಿಲ್ಲ. ಗಾಡಿಯ ಕಂಬಕ್ಕೆ ಟ್ಯೂಬಿನ ರಬ್ಬರಿನಿಂದ ಬಿಗಿದ ಅಂಗೈಯಗಲದ ಡಬ್ಬಿಯೊಂದು '30 ರೂಪಾಯಿ ಸ್ವೀಕರಿಸಲಾಗಿದೆ' ಎಂದಿತು. ಅಕ್ಕ ತಲೆ ಎತ್ತದೆಯೇ ಪೇಪರ್ ಪೊಟ್ಟಣ ಮುಂದೆ ಚಾಚಿದಳು. 'ಕೈಯೆಲ್ಲಾ ಹಿಟ್ಟಾಗಿರ್ತೈತಿ, ಫೋನ್ ಹೆಂಗ್ ಮುಟ್ಲಿ? ಅದು ಒದರಿದ್ರೆ ಸಾಕು, ಕೊಟ್ಟು ಕಳಿಸ್ತೀನಿ.'

ಈ ಸೀಮೆಯಲ್ಲಿ ಯಾರೂ 'ಸ್ವೀಕರಿಸಲಾಗಿದೆ' ಅನ್ನುವುದಿಲ್ಲ, 'ಬಂದೈತಿ' ಅನ್ನುತ್ತಾರೆ. ಡಬ್ಬಿಗೆ ಕನ್ನಡ ಕಲಿಸಿದವರು ಹರಪನಹಳ್ಳಿ ಕಡೆ ಬಂದಿರಲಿಕ್ಕಿಲ್ಲ.

ಅಂದಹಾಗೆ, ಇದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನಿನ ಅರಸೀಕೆರೆ ಅಲ್ಲ. ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು, ಉಚ್ಚಂಗಿದುರ್ಗದ ಸೀಮೆ. ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಅಂಗಡಿ ಬೋರ್ಡುಗಳಲ್ಲಿ ಜಿಲ್ಲೆಯ ಹೆಸರು ತಿದ್ದಿಸಿಕೊಂಡೇ ಬಂದ ಜನಕ್ಕೆ ಹೊಸದೊಂದು ಡಬ್ಬಿ ದೊಡ್ಡ ಮಾತಲ್ಲ.

ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ಅದಕ್ಕೆ ದಾರಿ ಬಿಟ್ಟುಕೊಟ್ಟಿತು. ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುವ ಪದ್ಧತಿಯೂ ಸದ್ದಿಲ್ಲದೆ ಕಡಿಮೆಯಾಯಿತು. ಇಲ್ಲಿ ಕ್ಯೂಆರ್ ಕೋಡಿನ ಹಲಗೆಗೆ 'ಸ್ಕ್ಯಾನರ್' ಅಂತಲೇ ಹೆಸರು. ಯಾವ ಆ್ಯಪಿನಿಂದ ಕೊಟ್ಟರೂ ಅದು 'ಫೋನ್ ಪೇ ಮಾಡೋದು'.

ಆದರೆ ಸ್ಕ್ಯಾನರ್ ಬಂದ ಹೊಸದರಲ್ಲಿ ದುಡ್ಡು ಬಂದದ್ದನ್ನು ಗಿರಾಕಿ ತೋರಿಸಬೇಕಿತ್ತು, ಅಂಗಡಿಯವರು ನಂಬಬೇಕಿತ್ತು. ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸಿ ಇವತ್ತಿನ ಸಾಮಾನು ಒಯ್ದವರಿದ್ದರು, ಹಸಿರು ಟಿಕ್ ಮೂಡಿಸುವ ಖೊಟ್ಟಿ ಆ್ಯಪುಗಳೂ ಬಂದವು. 2019ರ ಸುಮಾರಿಗೆ ಪೇಟಿಎಂ ಸೌಂಡ್‌ಬಾಕ್ಸ್ ತಂದಿತು, ಬೆಂಗಳೂರಿನ ಫೋನ್‌ಪೇ ಮುಂತಾದವು ಹಿಂಬಾಲಿಸಿದವು. ಡಬ್ಬಿಯೊಳಗೆ ಅದರದ್ದೇ ಸಿಮ್, ಬ್ಯಾಟರಿ, ಸ್ಪೀಕರ್ ಇರುತ್ತವೆ. ಹಣ ಜಮೆಯಾದ ಸುದ್ದಿ ಕಂಪನಿಯ ಸರ್ವರಿನಿಂದ ನೇರ ಅದಕ್ಕೇ ಬರುವುದರಿಂದ ಅಕ್ಕನ ಫೋನು ಮನೆಯಲ್ಲಿ ಮಗನ ಕೈಯಲ್ಲಿದ್ದರೂ ವ್ಯಾಪಾರ ನಿಲ್ಲದು. ಕರೆಂಟು ಹೋದರೂ ಡಬ್ಬಿಗೆ ಚಿಂತೆಯಿಲ್ಲ. ಜಾತ್ರೆಯ ಗದ್ದಲದಲ್ಲಿ ನೆಟ್‌ವರ್ಕ್ ಕಟ್ಟಿಕೊಂಡರೆ ಮಾತ್ರ ಮೂಕವಾಗುತ್ತದೆ. ಆಗ ಮತ್ತೆ ಮುಖ ನೋಡಿ ನಂಬುವುದೇ.

ಸ್ವಾರಸ್ಯ ಇನ್ನೊಂದಿದೆ. 2020ರ ಜನವರಿ 1ರಿಂದ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ. ಹಾಗಾಗಿ ದುಡ್ಡು ಬರುವುದು ಪುಕ್ಕಟೆ, ಬಂತೆಂದು ಕೂಗಿ ಹೇಳಿಸಿಕೊಳ್ಳಲು ತಿಂಗಳ ಬಾಡಿಗೆ!

ಕೂಗಿ ಎಣಿಸುವುದು ನಮ್ಮ ಪೇಟೆಗೆ ಹೊಸದಲ್ಲ. ಕಾಳು ಅಳೆಯುವವರು ಮೊದಲ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ದನಿ ಎತ್ತಿಯೇ ಶುರು ಮಾಡುತ್ತಿದ್ದರು. ಕೊಟ್ಟವರು, ಕೊಂಡವರು, ನಿಂತು ನೋಡುವವರು ಎಲ್ಲರಿಗೂ ಲೆಕ್ಕ ಕೇಳಬೇಕು. ಇದರ ಉಲ್ಟಾ ರೀತಿಯೂ ಇತ್ತು. ದನದ ಸಂತೆಯಲ್ಲಿ ದಲಾಲಿಗಳು ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಪಕ್ಕದಲ್ಲೇ ನಿಂತವನಿಗೂ ಎತ್ತಿನ ಜೋಡಿ ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿರಲಿಲ್ಲ. ಅಳತೆ ಊರಿಗೆಲ್ಲ ಕೇಳಲಿ, ದುಡ್ಡು ಮಾತ್ರ ಗುಟ್ಟಾಗಿರಲಿ ಎಂಬುದು ಹಳೆಯ ಜಾಣತನ. ಡಬ್ಬಿ ಈ ಎರಡನೆಯದನ್ನು ಕೆಡಿಸಿತು. ಅಕ್ಕನ ದಿನದ ವ್ಯಾಪಾರ ಎದುರಿನ ಪಾನ್ ಅಂಗಡಿಯವನಿಗೂ ಗೊತ್ತು, ವಾರದ ಕಂತು ವಸೂಲಿಗೆ ಬರುವವನಿಗೂ ಗೊತ್ತು. 'ಸಂಜಿಕೆ ಸೌಂಡ್ ಸಣ್ಣಗ ಮಾಡ್ತೀನಿ' ಎಂದು ನಕ್ಕಳು.

ಕೇಳಿಸಿಕೊಂಡವರಲ್ಲಿ ಸರ್ಕಾರವೂ ಇತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಹೋಗಿತ್ತು. ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಚೀಟಿಗಳು ಬಿದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ ಹಳೆ ಬಾಕಿ ವಸೂಲಿ ಇಲ್ಲವೆಂದ ಮೇಲೆ ಕಾವು ಇಳಿಯಿತು. ತೆರಿಗೆ ಬೇಡವೆಂದು ನನ್ನ ವಾದವಲ್ಲ. ಆದರೆ ಡಬ್ಬಿ ಹಚ್ಚಲು ಬಂದ ಹುಡುಗರು ಅದರ ಕೂಗು ಎಲ್ಲಿಯವರೆಗೆ ಕೇಳುತ್ತದೆಂದು ಹೇಳಬಹುದಿತ್ತು.

ನಾನು ಎದ್ದು ಹೊರಡುವಾಗ ಬಗಲಲ್ಲಿ ಕಂಬಳಿ ಇಟ್ಟುಕೊಂಡ ಮುದುಕರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಅಕ್ಕ ಕೇಳದೆಯೇ ತಟ್ಟೆಗೆ ಮಂಡಕ್ಕಿ ಹಾಕಿ, ಎರಡು ಮಿರ್ಚಿ ಇಟ್ಟಳು. ತಿಂದು ಕೈ ತೊಳೆದು, 'ಬರ್ಕೊಳವ್ವಾ' ಎಂದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಗಾಡಿಯ ಕೆಳಗಿನಿಂದ ಎಣ್ಣೆ ಹತ್ತಿದ ಉದ್ರಿ ಪುಸ್ತಕ ತೆಗೆದಳು.